ಕರೆಯುವ ಹೆಸರು, ಕಾಗದದ ಹೆಸರು

ನಮ್ಮ ಕಡೆ ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಂಡನ ಹೆಸರನ್ನೂ ಹೇಳುವುದಿಲ್ಲ. ಸರಿಯೋ ತಪ್ಪೋ ಎಂದು ನಾನು ಎಂದೂ ಕೇಳಿದವಳಲ್ಲ. ನಮ್ಮತ್ತೆ ಹೇಳಲಿಲ್ಲ, ನಾನೂ ಹೇಳಲಿಲ್ಲ, ಅಷ್ಟೆ. ತೊಂದರೆ ಬರುವುದು ಇನ್ನೊಂದು ರೂಢಿಯಿಂದ. ಮನೆಯ ಹಿರಿಯ ಸತ್ತ ಮೇಲೆ ಹುಟ್ಟಿದ ಗಂಡುಮಗುವಿಗೆ ಅವನ ಹೆಸರನ್ನೇ ಇಡಬೇಕು. ಮಾವ ಸತ್ತ ವರ್ಷವೇ ನನಗೆ ಮಗ ಹುಟ್ಟಿದ. ತೊಟ್ಟಿಲಿಗೆ ಹಾಕಿದ ದಿನ ನನ್ನ ನಾದಿನಿ ಮಗುವಿನ ಕಿವಿಯಲ್ಲಿ ಆ ಹೆಸರು ಹೇಳಿದಳು. ಆಕೆಗೆ ಅದು ಅಪ್ಪನ ಹೆಸರು, ಹೇಳಬಹುದು. ನನಗೆ ಮಾವನ ಹೆಸರು. ಹೆತ್ತವಳು ಮಗನನ್ನು ಏನೆಂದು ಕರೆಯಬೇಕು?

ಮುತ್ಯಾ ಎಂದು ಕರೆದೆ. ನಮ್ಮಲ್ಲಿ ಮುತ್ಯಾ ಎಂದರೆ ಅಜ್ಜ. ಮೊಲೆ ಚೀಪುವ ಕೂಸನ್ನು ಅಜ್ಜಾ ಎಂದು ಕರೆಯುವುದು ಕೇಳಿ ಬೇರೆ ಕಡೆಯವರು ನಗಬಹುದು. ನಮ್ಮ ಓಣಿಯಲ್ಲಿ ಅಂಥವರು ನಾಲ್ಕು ಜನ ಇದ್ದರು. ನಾನು ಕರೆದದ್ದನ್ನೇ ಓಣಿ ಕರೆಯಿತು, ಊರು ಕರೆಯಿತು. ಗಂಡ ಶಾಲೆಗೆ ಸೇರಿಸುವಾಗ ಮಾತ್ರ ನಿಜವಾದ ಹೆಸರು ಬರೆಸಿದ. ಅದು ಶಾಲೆಯಲ್ಲೇ ಉಳಿಯಿತು.

ರೇಷನ್ ಕಾರ್ಡ್ ಬರೆಯುವವನು ಮನೆಗೆ ಬಂದಾಗ ಗಂಡ ಹೊಲದಲ್ಲಿದ್ದ. ಮಗನ ಹೆಸರು ಕೇಳಿದ. ಮುತ್ಯಾ ಅಂದೆ.

"ಮುತ್ಯಾ ಅಂತ ಸರ್ಕಾರದ ಕಾರ್ಡಿನ್ಯಾಗ ಬರಿಯಾಕ ಬರಂಗಿಲ್ಲ ಯಮ್ಮಾ. ಅಪ್ಪ ಹಚ್ಚತೀನಿ ತಗೊ" ಎಂದು ಮುತ್ಯಪ್ಪ ಎಂದು ಬರೆದುಕೊಂಡು ಹೋದ. ನಾನು ಬೇಡ ಅನ್ನಲಿಲ್ಲ. ಒಲೆಯ ಮೇಲೆ ರೊಟ್ಟಿ ಹೊತ್ತುತ್ತಿತ್ತು.

ಅವನು ಹುಟ್ಟಿದಾಗಲೇ ಕಾಲುವೆಯ ಕೆಲಸ ನಡೆದಿತ್ತು. ನಾನೂ ಮಣ್ಣು ಹೊತ್ತಿದ್ದೇನೆ. ಕೂಸನ್ನು ಜಾಲಿಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಏರಿ ಹತ್ತಿ ಇಳಿಯುವುದು. ಮುಖ್ಯ ಕಾಲುವೆ ಮುಗಿದ ಮೇಲೆ ಉಪಕಾಲುವೆ, ಅದು ಮುಗಿದ ಮೇಲೆ ಹೊಲಗಾಲುವೆ. ಮಗ ಬೆಳೆಯುವವರೆಗೂ ಎಲ್ಲಾದರೂ ಒಂದು ಕಡೆ ಅಗೆಯುತ್ತಲೇ ಇದ್ದರು. ಅವನು ಟಿಪ್ಪರಿನವರ ಬಳಿ ಕ್ಲೀನರ್ ಆಗಿ ಸೇರಿ, ಟಿಪ್ಪರ್ ಕಲಿತು, ಆಮೇಲೆ ಮಣ್ಣು ತೋಡುವ ದೊಡ್ಡ ಮಷೀನು ಕಲಿತ. ಸಗರ, ಶಹಾಪುರ, ಸುರಪುರ, ಎಲ್ಲ ಕಡೆ ಅವನು ತೋಡಿದ ಕಾಲುವೆಯಲ್ಲಿ ಇಂದೂ ನೀರು ಹರಿಯುತ್ತದೆ. ನೀರು ಬಂತು, ಜೋಳದ ಹೊಲಗಳಲ್ಲಿ ನೆಲ್ಲು ಬಂತು, ಕಂತ್ರಾಟುದಾರರು ಮಷೀನು ಕಟ್ಟಿಕೊಂಡು ಬೇರೆ ಜಿಲ್ಲೆಗೆ ಹೋದರು. ಮಷೀನು ನಡೆಸುವವನಿಗೆ ಊರಲ್ಲಿ ಕೆಲಸ ಉಳಿಯಲಿಲ್ಲ. ಹೈದರಾಬಾದಿನ ಏಜೆಂಟನೊಬ್ಬ ಹೊರದೇಶದಲ್ಲಿ ಅದೇ ಕೆಲಸ ಇದೆ ಎಂದ. ಹೋದ. ನಮ್ಮೂರಲ್ಲಿ ಸಮುದ್ರದಾಚೆ ಯಾವ ದೇಶಕ್ಕೆ ಹೋದರೂ ದುಬೈ ಎನ್ನುತ್ತಾರೆ. ಅದು ದುಬೈ ಅಲ್ಲ, ಬೇರೆ. ಶಾಲೆಯ ಸರ್ಟಿಫಿಕೇಟು, ಪಾಸ್‌ಪೋರ್ಟು, ಅದರ ಝೆರಾಕ್ಸು, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದ. ಮನೆಯಲ್ಲಿ ಒಂದು ಚೂರು ಕಾಗದ ಬಿಡಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಸತ್ತಿದ್ದ. ಮನೆಯಲ್ಲಿ ನಾನು, ಸೊಸೆ. ಸೊಸೆ ಸುರಪುರದವಳು, ಎಂಟನೆಯ ತರಗತಿವರೆಗೆ ಓದಿದವಳು, ಇನ್ನೂ ಮಕ್ಕಳಾಗಿರಲಿಲ್ಲ. ನಾನು ಮೂರನೆಯದಕ್ಕೆ ಬಿಟ್ಟವಳು.

ಹೋಗಿ ವರ್ಷ ತುಂಬಿತ್ತು. ಒಂದು ಮಧ್ಯಾಹ್ನ ಸೊಸೆಯ ಮೊಬೈಲಿಗೆ ಫೋನ್ ಬಂತು. ಮಗನ ಜೊತೆ ಕೆಲಸ ಮಾಡುವ ತೆಲುಗಿನವನು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವನು ಹೇಳಿದ್ದಿಷ್ಟು: ಮೇಸ್ತ್ರಿ ಹೇಳಿದನೆಂದು ನಿಮ್ಮ ಹುಡುಗ ಮಷೀನನ್ನು ಬೇರೆ ಅಂಗಳಕ್ಕೆ ಒಯ್ದು ನಿಲ್ಲಿಸಿದ. ಮಾಲಕನಿಗೂ ಮೇಸ್ತ್ರಿಗೂ ಜಗಳ ಇತ್ತಂತೆ. ಮಾಲಕ ಮಷೀನು ಕಳುವಾಯಿತೆಂದು ಫಿರ್ಯಾದಿ ಕೊಟ್ಟ. ಮೇಸ್ತ್ರಿ ಓಡಿಹೋದ. ನಿಮ್ಮ ಹುಡುಗನನ್ನು ಪೊಲೀಸರು ಒಯ್ದಿದ್ದಾರೆ. ಪಾಸ್‌ಪೋರ್ಟು ಮಾಲಕನ ಬಳಿಯೇ ಇದೆ.

ಅವನು ಮತ್ತೆ ಫೋನ್ ಮಾಡಲಿಲ್ಲ. ನಾವು ಮಾಡಿದರೆ ಹೋಗಲಿಲ್ಲ. ಏಜೆಂಟನ ನಂಬರು ಬಂದ್ ಆಗಿತ್ತು.

ಊರಲ್ಲಿ ಕೇಳಿದವರಿಗೆ ನಾನು ಇದ್ದದ್ದನ್ನೇ ಹೇಳಿದೆ. ಜೈಲಿನಲ್ಲಿದ್ದಾನೆ ಅಂದೆ. ಸೊಸೆಗೆ ಅದು ಸೇರಲಿಲ್ಲ. "ಆರಾಮಿಲ್ಲ, ದವಾಖಾನಿನ್ಯಾಗ ಇದ್ದಾರಂತ ಅಂದ್ರ ಆಗ್ತಿತ್ತಲ್ಲ ಅತ್ತಿ" ಎಂದಳು. ಆಕೆ ಹೇಳಿದ್ದು ಸರಿ ಇತ್ತು. ದವಾಖಾನೆ ಅಂದಿದ್ದರೆ ಜನ ಬಂದು ಕೂರುತ್ತಿದ್ದರು. ಜೈಲು ಅಂದದ್ದಕ್ಕೆ ಯಾರೂ ಬರಲಿಲ್ಲ. ಕಳೆ ತೆಗೆಯಲು ಸಾಲು ಹಿಡಿದರೆ ನನ್ನ ಎಡಕ್ಕೂ ಬಲಕ್ಕೂ ಒಂದೊಂದು ಸಾಲು ಖಾಲಿ ಬಿಟ್ಟು ಹೆಂಗಸರು ಕೂರುತ್ತಿದ್ದರು. ಯಾರೂ ಬೈಯಲಿಲ್ಲ, ಆಡಿಕೊಳ್ಳಲಿಲ್ಲ. ಸಾಲು ಬಿಟ್ಟರು, ಅಷ್ಟೆ.

ಶಹಾಪುರದ ತಹಶೀಲಿ ಕಚೇರಿಗೆ ಹೋದೆವು. ಅಲ್ಲಿಯವರು ಇದು ನಮ್ಮದಲ್ಲ, ಯಾದಗಿರಿಗೆ ಹೋಗಿ ಎಂದರು. ಯಾದಗಿರಿ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಯಲ್ಲಿ ಕುರ್ಚಿಗಳಿಗೆ ಹಾಕಿದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಹೊರದೇಶದಲ್ಲಿ ಸಿಕ್ಕಿಕೊಂಡವರ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ನಲವತ್ತರ ಆಸುಪಾಸಿನವನು. ಬಾಯಿ ಒರಟು. ಎದುರಿಗೆ ನಿಂತ ನಮ್ಮಿಬ್ಬರನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದ.

"ಸಿಕ್ಕೊಂಡಾಂವ ಯಾರು?"

"ನನ್ನ ಮಗರಿ."

"ಹೆಸರು?"

ನಾನು ಸೊಸೆಯ ಮುಖ ನೋಡಿದೆ. ಸೊಸೆ ನನ್ನ ಮುಖ ನೋಡಿದಳು. ಆಕೆಗೆ ಗಂಡನ ಹೆಸರು, ನನಗೆ ಮಾವನ ಹೆಸರು.

"ಒಬ್ಬರಿಗೊಬ್ಬರು ಮಾರಿ ನೋಡಾಕತ್ತೀರಿ. ಹೆಸರು ಇಟ್ಟೀರೋ, ಹಂಗೇ ಬಿಟ್ಟೀರೋ?"

ನಾನು ರೇಷನ್ ಕಾರ್ಡು ಮೇಜಿನ ಮೇಲಿಟ್ಟೆ. "ಇದರಾಗ ಅದ ನೋಡ್ರಿ."

"ಮುತ್ಯಪ್ಪ" ಎಂದು ಓದಿದ. "ಇದೇ ಏನು?"

"ಹೌದ್ರಿ" ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ತೆಂಟು ವರ್ಷ ಅವನು ನನಗೆ ಮುತ್ಯಾ. ಕಾರ್ಡು ಸರ್ಕಾರದ್ದು, ಬರೆದವನು ಸರ್ಕಾರದವನು. ಇನ್ನೊಂದು ಹೆಸರು ನನ್ನ ನೆನಪಿನಲ್ಲಿ ಮಾವನದಾಗಿ ಇತ್ತು, ಮಗನದಾಗಿ ಇರಲಿಲ್ಲ.

"ಪಾಸ್‌ಪೋರ್ಟಿನ ನಂಬರ್ ಇದ್ದರ ಕೆಲಸ ಹಗುರ ಆಗ್ತಿತ್ತು" ಎಂದ ಗುಮಾಸ್ತ. ಇಲ್ಲ ಎಂದೆವು. ಅವನು ಬರೆದ ಅರ್ಜಿಗೆ ಸೊಸೆ ಸಹಿ ಹಾಕಿದಳು. ಆಗ ಅವನು ಕಾಗದದ ದಾರಿ ಹೇಳಿದ. ಇಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದಿಲ್ಲಿಗೆ, ದಿಲ್ಲಿಯವರು ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ. ಅಲ್ಲಿಯ ಅಧಿಕಾರಿಗಳು ಜೈಲಿಗೆ ಹೋಗಿ ನಮ್ಮವರನ್ನು ಕಂಡು ಮಾತಾಡಿಸುತ್ತಾರೆ. ವಕೀಲ ಬೇಕಾದರೆ ನೋಡುತ್ತಾರೆ, ಶಿಕ್ಷೆ ಮುಗಿದವರಿಗೆ ಊರಿಗೆ ಬರಲು ಕಾಗದ ಮಾಡಿಕೊಡುತ್ತಾರೆ.

"ಅವರು ಜೈಲಿನ ಒಳಗ ಹೋಗ್ತಾರ?"

"ಅದೇ ಅವರ ಕೆಲಸ ಯಮ್ಮಾ. ಹೆಸರು ಹಿಡಿದು ಕರೀತಾರ."

ಅಲ್ಲಿಂದ ಕಾಯುವುದು ಶುರುವಾಯಿತು. ತಿಂಗಳಿಗೊಮ್ಮೆ ಸೋಮವಾರ ಯಾದಗಿರಿಗೆ ಹೋಗುವುದು, ಭೀಮಾ ನದಿಯ ಸೇತುವೆ ದಾಟುವುದು, ಆ ಬೆಂಚಿನ ಮೇಲೆ ಕೂರುವುದು, ಇನ್ನೂ ಬಂದಿಲ್ಲ ಎಂದು ಕೇಳಿಸಿಕೊಂಡು ಅದೇ ಸೇತುವೆ ದಾಟಿ ಬರುವುದು. ಸೊಸೆ ಎರಡು ಸಲ ಬಂದಳು, ಆಮೇಲೆ ಕೂಲಿ ಬಿಡಲಾಗದೆಂದು ನಿಂತಳು. ಒಬ್ಬಳೇ ಹೋದೆ.

ಮನೆಯಲ್ಲಿ ಇಬ್ಬರೂ ಇದ್ದೆವು, ಮಾತು ಇರಲಿಲ್ಲ. ಜಗಳವೂ ಇರಲಿಲ್ಲ. ಮಾತಾಡಿದರೆ ಅವನ ಬಗ್ಗೆಯೇ ಆಡಬೇಕು, ಅವನ ಬಗ್ಗೆ ಆಡಲು ಹೊಸದೇನೂ ಇರಲಿಲ್ಲ. ಆಕೆ "ಅವರು" ಎನ್ನುವಳು, ನಾನು "ಅಂವ" ಎನ್ನುವೆ. ಆಕೆ ರೊಟ್ಟಿ ಬಡಿಯುವಾಗ ನಾನು ಹೊರಗೆ ಕೂರುವೆ, ನಾನು ಉಣ್ಣುವಾಗ ಆಕೆ ನೀರಿಗೆ ಹೋಗುವಳು. ಕಾಲುವೆಗೆ ನೀರು ಬಿಟ್ಟಾಗ ನಮ್ಮ ಪಾಳಿ ಬಂತೆಂದು ಹೇಳುವುದಕ್ಕೆ, ಬಂದ್ ಆದಾಗ ಬಂದ್ ಆಯಿತೆಂದು ಹೇಳುವುದಕ್ಕೆ ಬಾಯಿ ತೆರೆಯುತ್ತಿದ್ದೆವು. ಒಮ್ಮೆ ಆಕೆ ತಿಂಥಣಿಯ ಗುಡಿಗೆ ಹೋಗಿ ಹರಕೆ ಹೊತ್ತು ಬಂದಳು. ಏನು ಹೊತ್ತಳೆಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಎಂಟನೆಯ ತಿಂಗಳು ಹೋದಾಗ ಗುಮಾಸ್ತ ನನ್ನನ್ನು ಕಂಡ ತಕ್ಷಣ ಎದ್ದುನಿಂತ. ಕಾಗದ ಬಂದಿತ್ತು. ಮುಖ ನೋಡಿದರೆ ಒಳ್ಳೆಯದಲ್ಲ ಎಂದು ತಿಳಿಯಿತು.

"ಯಮ್ಮಾ, ಆ ದೇಶದ ಯಾವ ಜೈಲಿನ್ಯಾಗೂ ಈ ಹೆಸರಿನಾಂವ ಇಲ್ಲಂತ. ಪಾಸ್‌ಪೋರ್ಟ್ ಆಫೀಸಿನ್ಯಾಗ ಕೇಳಿದ್ರ ಅಂಥವಗ ಪಾಸ್‌ಪೋರ್ಟೇ ಕೊಟ್ಟಿಲ್ಲಂತ. ಖರೇ ಹೇಳ್ರಿ, ಕಳ್ಳ ಹಾದಿ ಹಿಡಿದು ಹೋಗ್ಯಾನೇನು?"

"ಅಂವ ಯಾದಗಿರಿ ಟೇಶನ್ನಿನ್ಯಾಗ ಎಲ್ಲಾರ ಮುಂದ ರೈಲು ಹತ್ಯಾನ. ಯಾವ ಕಳ್ಳ ಹಾದಿ?"

"ಮತ್ತ ಮುತ್ಯಪ್ಪ ಅನ್ನಾಂವ ಇಲ್ಲ ಅಂತಾರಲ್ಲ!"

ಅವನು ಆ ಹೆಸರನ್ನು ಗಟ್ಟಿಯಾಗಿ ಹೇಳಿದಾಗ ನನಗೆ ಕೇಳಿಸಿತು. ಅಂಥವನು ಯಾರೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ಬೆಂಚಿನ ಮೇಲೆ ಕುಳಿತೆ.

"ತಮ್ಮಾ, ಅದು ಕರಿಯೋ ಹೆಸರು. ಕಾಗದದ ಹೆಸರು ಬ್ಯಾರೆ ಅದ."

ಗುಮಾಸ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಎಂಟು ತಿಂಗಳು ಸರ್ಕಾರ ಪೂರಾ ನಿಮ್ಮ ಮುತ್ಯಾನ್ನ ಹುಡುಕ್ಯಾದ ಯಮ್ಮಾ! ದಿಲ್ಲಿಯವರು ಹುಡುಕ್ಯಾರ! ಅವತ್ತೇ ಹೇಳಾಕ ಏನಾಗಿತ್ತು ಧಾಡಿ? ಆತು, ಈಗರೆ ಹೇಳ್ರಿ. ಏನು ಹೆಸರು?"

ಬಾಯಿ ತೆರೆದೆ. ಬರಲಿಲ್ಲ. ನಾಚಿಕೆಯಲ್ಲ, ಭಯವೂ ಅಲ್ಲ. ಮದುವೆಯಾದಾಗಿನಿಂದ ಆ ಕಡೆ ಹೊರಳದ ನಾಲಿಗೆ, ಹೊರಳಲಿಲ್ಲ.

"ನಮ್ಮ ಮಾವನ ಹೆಸರು."

"ಹೇಳಿದ್ರ ಸತ್ತ ಮಾವ ಎದ್ದು ಬರ್ತಾನೇನು?"

"ಬಂದ್ರ ನಿನ್ನ ಕುರ್ಚಿ ಮ್ಯಾಲ ಕುಂಡ್ರಸ್ತೀನಿ, ಅಂವರೆ ಲಗೂ ಕೆಲಸ ಮಾಡ್ಯಾನು. ಪೆನ್ನು ಕೊಡು."

ಅವನು ಪೆನ್ನು ಕೊಟ್ಟ. ಬಂದ ಕಾಗದದ ಬೆನ್ನಿನ ಮೇಲೆ ಬರೆದೆ. ನಾನು ಬರೆಯುವುದು ನಿಧಾನ, ಒತ್ತಕ್ಷರ ಬಂದರೆ ಇನ್ನೂ ನಿಧಾನ. ಹಿಂದೆ ನಿಂತವರು ಗೊಣಗಿದರು. ಬರೆದು ಮುಗಿಸಿ ನೋಡಿದೆ. ಮಾವನ ಹೆಸರನ್ನು ಎಂದೂ ಬರೆದಿರಲಿಲ್ಲ, ಮಗನದನ್ನೂ ಬರೆದಿರಲಿಲ್ಲ.

ಬರೆದರೆ ಮುಗಿಯಲಿಲ್ಲ. ಆ ಮುತ್ಯಪ್ಪನೂ ಈ ಹೆಸರಿನವನೂ ಒಬ್ಬನೇ ಎಂದು ಪ್ರಮಾಣಪತ್ರ ಬೇಕೆಂದ. ಶಾಲೆಯಿಂದ ದಾಖಲೆ ತರಿಸಿ, ಶಹಾಪುರದ ಕೋರ್ಟಿನ ಮುಂದೆ ಟೈಪು ಹೊಡೆಸಿ, ವಕೀಲರ ಸಹಿ ಮಾಡಿಸಿದೆವು. ಆ ದಿನ ಸೊಸೆ ಬಂದಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

"ನೀ ಎಂಟನೇತ್ತ ಓದೀದಿ. ಅವತ್ತ ಅರ್ಜಿ ಮ್ಯಾಲ ಸಹಿ ಮಾಡುವಾಗ ಹೆಸರು ನೋಡಿದ್ದಿ. ಯಾಕ ಹೇಳಲಿಲ್ಲ?"

ಆಕೆ ಕಿಟಕಿಯ ಕಡೆ ಮುಖ ಮಾಡಿದ್ದಳು. "ನೀವು ಹೌದು ಅಂದ್ರಿ. ನಾ ಅಲ್ಲ ಅನ್ನಬೇಕಂದ್ರ ಹೆಸರು ಹೇಳಬೇಕಾಗ್ತಿತ್ತಲ್ಲ ಅತ್ತಿ."

ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆದರೆ ನನ್ನ ಕಪಾಳಕ್ಕೆ ಯಾರು ಹೊಡೆಯಬೇಕು?

ಎರಡು ತಿಂಗಳಿಗೆ ಗುಮಾಸ್ತನೇ ಫೋನ್ ಮಾಡಿದ. "ಸಿಕ್ಕಾನ್ರಿ ಯಮ್ಮಾ. ನಮ್ಮ ಎಂಬಸಿಯವರು ಜೈಲಿಗೆ ಹೋಗಿ ಮಾತಾಡ್ಸಿ ಬಂದಾರ. ಆರಾಮ ಇದ್ದಾನ." ಆಮೇಲೆ, "ಅವಗ ಆರು ತಿಂಗಳ ಶಿಕ್ಷಾ ಆಗಿತ್ತಂತ. ಅದು ಮುಗದು ಐದು ತಿಂಗಳಾತು. ಪಾಸ್‌ಪೋರ್ಟ್ ಇಲ್ಲ, ಕೇಳಾವ್ರಿಲ್ಲ ಅಂತ ಒಳಗೇ ಇಟ್ಟುಕೊಂಡಿದ್ರಂತ" ಎಂದ.

ಐದು ತಿಂಗಳು. ಸರ್ಕಾರ ತಡಮಾಡಿತು ಎಂದು ಈಗಲೂ ಓಣಿಯಲ್ಲಿ ಯಾರಾದರೂ ಬೈದರೆ ನಾನು ತಡೆಯುತ್ತೇನೆ. ಕಾಗದ ನಿಧಾನಕ್ಕೆ ಹೋಯಿತು, ನಿಜ. ಆದರೆ ನಾನು ಕೊಟ್ಟ ಹೆಸರನ್ನು ಅವರು ಪ್ರಾಮಾಣಿಕವಾಗಿಯೇ ಹುಡುಕಿದರು. ಸರಿಯಾದ ಹೆಸರು ಕೊಟ್ಟ ಮೇಲೆ ಎರಡೇ ತಿಂಗಳಲ್ಲಿ ಸಿಕ್ಕ. ರಾಯಭಾರ ಕಚೇರಿಯವರು ಪಾಸ್‌ಪೋರ್ಟಿನ ಬದಲಿಗೆ ಒಂದು ಸಲ ಊರಿಗೆ ಬರುವ ಕಾಗದ ಮಾಡಿಕೊಟ್ಟು, ಟಿಕೇಟು ಕೊಟ್ಟು ವಿಮಾನ ಹತ್ತಿಸಿದರು.

ಮುಂಬಯಿಯಿಂದ ಬರುವ ರೈಲಿನಲ್ಲಿ ಬಂದ. ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ನಾನೂ ಸೊಸೆಯೂ ನಿಂತಿದ್ದೆವು. ತಲೆ ಸಣ್ಣಗೆ ಕತ್ತರಿಸಿದ್ದರು. ತೆಳ್ಳಗಾಗಿದ್ದ. ಕಾಲಿಗೆ ಬಿದ್ದ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. "ಉಂಡೀಯೇನು?" ಎಂದು ಕೇಳಿದೆ. ಹ್ಞೂಂ ಎಂದ.

ಮನೆಗೆ ಬಂದ ಐದನೆಯ ದಿನ ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ, ಅವನು ಗೋಡೆಗೆ ಒರಗಿ ಕುಳಿತಿದ್ದ. ಹೇಳುವುದಿದ್ದರೆ ಈಗಲೇ ಹೇಳಬೇಕೆಂದು ಹೇಳಿಬಿಟ್ಟೆ. ರೇಷನ್ ಕಾರ್ಡು ಕೊಟ್ಟದ್ದು, ಹೌದ್ರಿ ಅಂದದ್ದು, ಮುತ್ಯಪ್ಪನನ್ನು ಹುಡುಕಿಸಿದ್ದು, ಯಾವುದನ್ನೂ ಬಿಡಲಿಲ್ಲ. "ಐದು ತಿಂಗಳು ನೀ ನನ್ನ ಸಲುವಾಗಿ ಕುಂತಿ" ಅಂದೆ.

ಅವನು ಬಾಯಿ ತೆರೆದು ನನ್ನನ್ನೇ ನೋಡಿದ. "ಮುತ್ಯಪ್ಪ?" ಎಂದ. "ಮುತಿಯಬ್ಬ ಅಂದ್ರ ನಾನೇನು?"

"ಯಾವ ಮುತಿಯಬ್ಬ?"

ಅವನು ನಗಲು ಶುರುಮಾಡಿದ. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ನಮ್ಮ ದೇಶದ ಸಾಹೇಬ್ರು ಬಂದಾರಂದ್ರ ಅವರನ್ನ ಮುಂದಿನ ಖೋಲಿನ್ಯಾಗ ಕುಂಡ್ರಸ್ತಿದ್ರು ಯವ್ವ. ಕಾವಲಿನಾಂವ ಚೀಟಿ ಹಿಡ್ಕೊಂಡು ಹೆಸರು ಒದರಕೋತ ಬರ್ತಿದ್ದ. ಒದರಿದವರಷ್ಟೇ ಹೋಗಬೇಕು. ನಾ ಬಂದು ಐದನೇ ತಿಂಗಳಿರಬೇಕು, ಒಂದಿನ ಮುತಿಯಬ್ಬ, ಮುತಿಯಬ್ಬ ಅಂತ ಒದರಿದ. ಅವರಿಗೆ ಪ ಅನ್ನಾಕ ಬರಂಗಿಲ್ಲ, ಬ ಅಂತಾರ. ಯಾರೂ ಏಳಲಿಲ್ಲ. ಯಾರೋ ತೆಲುಗಿನಾಂವ ಮಲಗ್ಯಾನ ಅಂತ ನಾನೂ ಎದ್ದು ಅಷ್ಟೂ ಖೋಲಿ ತಿರಗಿ ಒದರಿದೆ. ಏ ಮುತಿಯಬ್ಬ, ಏಳೋ, ನಿಂದು ನಸೀಬು ತೆರದಾದ, ನಿಮ್ಮವರು ಹುಡುಕ್ಕೊಂಡು ಬಂದಾರ ಅಂತ!"

ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. "ಆಮ್ಯಾಲ ಕಾವಲಿನಾಂವಗ ನಾನೇ ಹೇಳಿದೆ, ಅಂಥಾಂವ ಯಾರೂ ಇಲ್ಲಂತ."

"ನಿನ್ನ ಹೆಸರು ಹೇಳಿ ಕಳಸಲಿಲ್ಲೇನು?"

"ಸಾಹೇಬ್ರ ಕಡೆ ಹೋಗಾಂವ ಒಬ್ಬಾವನ ಕೈಲೆ ಹೇಳಿ ಕಳಸಿದೆ. ಅವಂದು ಅವಗ ಆಗಿತ್ತು, ಮರತ." ನಗು ನಿಂತಿತು. "ನನ್ನ ಹೆಸರು ಒದರಲಿಲ್ಲ ನೋಡು, ನಮ್ಮವ್ವಗ ಸುದ್ದಿ ಮುಟ್ಟಿಲ್ಲ ಅನ್ಕೊಂಡೆ. ಆಮ್ಯಾಲ, ಮುಟ್ಟಿದ್ರೂ ಬಿಟ್ಟಿರಬೇಕು ಅನ್ಕೊಂಡೆ."

ಸೊಸೆ ಒಳಗೆ ಹೋದಳು. ನಾನು ಮೊರದಲ್ಲಿದ್ದ ಜೋಳ ಮುಗಿಸಿದೆ.

ಮರುದಿನ ಹೊಲಕ್ಕೆ ಹೋದಾಗ ಕಾಲುವೆಯ ಏರಿಯ ಮೇಲೆ ನಿಂತು ಆ ಹೆಸರನ್ನು ಹೇಳಲು ನೋಡಿದೆ. ಸುತ್ತ ಯಾರೂ ಇರಲಿಲ್ಲ. ಮೊದಲ ಸಲ ಬರೀ ಗಾಳಿ ಬಂತು, ಎರಡನೆಯ ಸಲ ಅರ್ಧ ಬಂತು. ನೀರು ಕಟ್ಟುವುದು ಮುಗಿಯುವಷ್ಟರಲ್ಲಿ ಪೂರ್ತಿ ಬಂತು. ಗಿಡವೇನೂ ಮುರಿದು ಬೀಳಲಿಲ್ಲ. ಇಷ್ಟೇ ಕೆಲಸವನ್ನು ಆ ಬೆಂಚಿನ ಮೇಲೆ ಮಾಡಿದ್ದರೆ ಆಗುತ್ತಿತ್ತು. ಇನ್ನು ಮೇಲೆ ಮಗನನ್ನು ಅವನ ಹೆಸರಿನಿಂದಲೇ ಕರೆಯಬೇಕು, ಅದನ್ನಾದರೂ ಅವನಿಗೆ ಕೊಡಬೇಕು ಎಂದು ಗಟ್ಟಿ ಮಾಡಿಕೊಂಡು ಬಂದೆ.

ಬೆಳಿಗ್ಗೆ ಅವನು ಅಂಗಳದಲ್ಲಿ ನನಗೆ ಬೆನ್ನು ಮಾಡಿ ಕುಳಿತು, ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಅವನ ಹೆಸರು ಹಿಡಿದು ಕರೆದೆ. ಪೂರ್ತಿ ಹೆಸರು. ದನಿ ಗಟ್ಟಿಯಾಗಿಯೇ ಬಂತು.

ಅವನು ಧಡಕ್ಕನೆ ಎದ್ದು ನಿಂತ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. ಎರಡೂ ಕೈಗಳನ್ನು ತೊಡೆಗೆ ಹಚ್ಚಿ, ತಲೆ ತಗ್ಗಿಸಿ, ನೆಟ್ಟಗೆ ನಿಂತ. ತಿರುಗಿ ನೋಡಲಿಲ್ಲ. ಮುಂದಿನ ಹುಕುಂ ಬರಲಿ ಎಂದು ನಿಂತವನಂತೆ ನಿಂತ. ಆ ಹೆಸರನ್ನು ಅವನು ಜೈಲಿನ ಹಾಜರಿಯಲ್ಲಿ ದಿನಾ ಯಾರ ಬಾಯಿಂದ ಕೇಳಿದ್ದ ಎಂದು ನನಗೆ ಆಗ ತಿಳಿಯಿತು.

"ಕುಂಡ್ರು" ಅಂದೆ.

ಅವನು ಆಗ ತಿರುಗಿದ. ನನ್ನನ್ನು ನೋಡಿದ. ಕುಳಿತು ಪಾನಾ ಎತ್ತಿಕೊಂಡ. "ಯಾಕ ಕರದಿ?"

"ಏನಿಲ್ಲ. ಚಾ ಆಗ್ಯಾದ."

ಈಗ ಅವನು ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಮಷೀನು ನಡೆಸುತ್ತಾನೆ. ಸೈದಾಪುರದಲ್ಲಿ ಮನೆ ಹಿಡಿದಿದ್ದಾನೆ, ಇಬ್ಬರು ಮಕ್ಕಳಿದ್ದಾರೆ. ಪಾಳಿ ಇಲ್ಲದ ದಿನ ನನ್ನನ್ನು ನೋಡಲು ಬರುತ್ತಾನೆ. ಮುತ್ಯಾ ಎನ್ನಲು ಹೋದರೆ ಆ ಕಾವಲಿನವನು ಚೀಟಿ ಹಿಡಿದು ತಿರುಗುವುದು ಕಾಣುತ್ತದೆ. ಇನ್ನೊಂದನ್ನು ಎರಡನೆಯ ಸಲ ನಾನು ಹೇಳಿಲ್ಲ. ಅವನನ್ನು ಕರೆಯಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟುತ್ತೇನೆ. ದೂರ ಇದ್ದರೆ, ಅವನೇ ಈ ಕಡೆ ತಿರುಗುವವರೆಗೆ ನಿಂತಿರುತ್ತೇನೆ.